ಪ್ರತ್ಯಯವೂ ಸ್ವರಾಘಾತವೂ

ಕನ್ನಡನಾಡಿನ ವಿದ್ಯಾರ್ಥಿಯೊಬ್ಬನು ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುತ್ತಾನೆ. ಅವನು ಯಾವ ಅಕ್ಷರವನ್ನೂ ಬಿಡುವುದಿಲ್ಲ, ನುಂಗುವುದಿಲ್ಲ. ಆದರೂ ಇಂಗ್ಲಿಷನ್ನು ತಾಯ್ನುಡಿಯಾಗಿ ಉಳ್ಳವರಿಗೆ ಅವನ ಮಾತು ಕೆಲವೊಮ್ಮೆ ಥಟ್ಟನೆ ತಿಳಿಯುವುದಿಲ್ಲ. ಇದಕ್ಕೆ ಅವನ ಬುದ್ಧಿಯಾಗಲಿ ನಾಲಗೆಯಾಗಲಿ ಕಾರಣವಲ್ಲ. ಎರಡು ಭಾಷೆಗಳ ನಡಿಗೆ ಬೇರೆ ಬೇರೆಯಾಗಿರುವುದೇ ಕಾರಣ.

ಕನ್ನಡದ ‘ಬಡ’ ಎಂಬ ಪದಕ್ಕೆ ‘ತನ’ ಸೇರಿ ‘ಬಡತನ’ವಾಗುತ್ತದೆ; ವಿಭಕ್ತಿ ಸೇರಿ ‘ಬಡತನದಿಂದ’ ಎಂದಾಗುತ್ತದೆ. ಪದ ಇಷ್ಟು ಬೆಳೆದರೂ ‘ಬಡ’ ಎಂಬುದರ ಉಚ್ಚಾರಣೆ ಕದಲುವುದಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. ಒಂದು ಸ್ವರದ ಸುತ್ತ ಸೇರಿದ ಧ್ವನಿಗಳ ಗುಂಪನ್ನು ಉಚ್ಚಾರಾಂಶವೆಂದು ಕರೆಯೋಣ. ಇಂಗ್ಲಿಷಿನ ದೀರ್ಘಪದದಲ್ಲಿ ಒಂದು ಉಚ್ಚಾರಾಂಶವನ್ನು ಉಳಿದೆಲ್ಲವುಗಳಿಗಿಂತ ಬಲವಾಗಿ ನುಡಿಯುತ್ತಾರೆ. ಈ ಬಲಕ್ಕೆ ಸ್ವರಾಘಾತವೆಂದು ಹೆಸರು. ಅದು ಬೀಳದ ಕಡೆ ಸ್ವರವು ಬಹುಮಟ್ಟಿಗೆ ಮಸುಕಾಗಿಬಿಡುತ್ತದೆ.

‘ಫೋ-ಟೊ-ಗ್ರಾಫ್’ ಎಂಬಲ್ಲಿ ಆಘಾತವು ಮೊದಲನೆಯ ಉಚ್ಚಾರಾಂಶದ ಮೇಲಿದೆ. ಕೊನೆಗೆ ‘ಇ’ ಪ್ರತ್ಯಯ ಸೇರಿದೊಡನೆ ಅದು ಎರಡನೆಯದಕ್ಕೆ ಸರಿದು ‘ಫ-ಟಾ-ಗ್ರ-ಫಿ’ ಎಂಬಂತೆ ಕೇಳಿಸುತ್ತದೆ. ‘ಇಕ್’ ಸೇರಿದರೆ ಮೂರನೆಯದಕ್ಕೆ ಸರಿದು ‘ಫೋ-ಟೊ-ಗ್ರ್ಯಾ-ಫಿಕ್’ ಆಗುತ್ತದೆ. ಬಾಲ ಬದಲಾದಂತೆ ಪದದ ನಡೆಯೇ ಬದಲಾಗುತ್ತದೆ.

ಆಘಾತದ ದೃಷ್ಟಿಯಿಂದ ಇಂಗ್ಲಿಷ್ ಪ್ರತ್ಯಯಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ‘ನೆಸ್’, ‘ಫುಲ್’, ‘ಲೆಸ್’, ‘ಹುಡ್’ ಮುಂತಾದವು ಮೊದಲನೆಯ ಬಗೆಯವು. ಇವು ಮೂಲಪದದ ಆಘಾತವನ್ನು ಕದಲಿಸುವುದಿಲ್ಲ. ‘ಹ್ಯಾಪಿ’ಯ ಆಘಾತವು ‘ಹ್ಯಾಪಿನೆಸ್’ನಲ್ಲಿಯೂ ಮೊದಲಲ್ಲೇ ನಿಲ್ಲುತ್ತದೆ. ‘ಇಟಿ’, ‘ಇಕ್’, ‘ಷನ್’, ‘ಇಯನ್’ ಎರಡನೆಯ ಬಗೆಯವು. ಇವು ಸಾಮಾನ್ಯವಾಗಿ ತಮ್ಮ ಹಿಂದಿನ ಉಚ್ಚಾರಾಂಶಕ್ಕೆ ಆಘಾತವನ್ನು ಎಳೆದುಕೊಳ್ಳುತ್ತವೆ. ‘ಎಜುಕೇಟ್’ ಎಂಬುದರ ಆಘಾತ ಮೊದಲಲ್ಲಿದ್ದರೆ, ‘ಎಜುಕೇಷನ್’ ಎಂಬುದರಲ್ಲಿ ಅದು ‘ಕೇ’ ಎಂಬಲ್ಲಿದೆ. ‘ಎಲೆಕ್ಟ್ರಿಕ್’ ಎಂಬುದು ‘ಎಲೆಕ್ಟ್ರಿಸಿಟಿ’ಯಾದಾಗ ಆಘಾತ ಸರಿಯುವುದಲ್ಲದೆ ಕಕಾರವು ಸಕಾರವಾಗುತ್ತದೆ. ಮೂರನೆಯ ಬಗೆಯವು ಆಘಾತವನ್ನು ತಾವೇ ಹೊರುತ್ತವೆ. ‘ಎಂಜಿನ್’ ಎಂಬುದರಲ್ಲಿ ಮೊದಲಿಗಿದ್ದ ಬಲ ‘ಎಂಜಿನಿಯರ್’ ಎಂದಾಗ ಕೊನೆಗೆ ಬರುತ್ತದೆ. ‘ಜಪಾನೀಸ್’ ಎಂಬುದೂ ಹಾಗೆಯೇ.

ಈ ಭೇದಕ್ಕೆ ಚರಿತ್ರೆಯೇ ಕಾರಣ. ‘ನೆಸ್’, ‘ಫುಲ್’ ಮೊದಲಾದವು ಇಂಗ್ಲಿಷಿನ ಹುಟ್ಟುಪ್ರತ್ಯಯಗಳು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಫ್ರೆಂಚ್ ಪದಗಳೂ, ಅವುಗಳ ಜೊತೆಗೆ ಲ್ಯಾಟಿನ್ ಪದಗಳೂ ಆ ಭಾಷೆಗೆ ಧಾರಾಳವಾಗಿ ಹರಿದುಬಂದವು. ‘ಇಟಿ’, ‘ಷನ್’ ಮುಂತಾದ ಪ್ರತ್ಯಯಗಳು ಆ ಪದಗಳೊಡನೆ ಬಂದು ನೆಲೆಸಿದವು. ಬಂದ ನೆಂಟರು ತಮ್ಮ ಮನೆಯ ರೂಢಿಯನ್ನು ಬಿಡಲಿಲ್ಲ.

ಪ್ರತ್ಯಯಕ್ಕೂ ಸ್ವರಕ್ಕೂ ಇರುವ ನಂಟು ಭಾರತೀಯರಿಗೆ ಹೊಸದಲ್ಲ. ಸಂಸ್ಕೃತದಲ್ಲಿ ಪ್ರತ್ಯಯದ ಮೊದಲ ಸ್ವರವು ಸಾಮಾನ್ಯವಾಗಿ ಉದಾತ್ತವೆಂದೂ, ನಾಮವಿಭಕ್ತಿಯೇ ಮೊದಲಾದ ಕೆಲವು ಪ್ರತ್ಯಯಗಳು ಅನುದಾತ್ತವೆಂದೂ ಪಾಣಿನಿಯು ಅಷ್ಟಾಧ್ಯಾಯಿಯಲ್ಲಿ ವಿಧಿಸಿದ್ದಾನೆ. ಅದು ಸ್ವರದ ಏರಿಳಿತಕ್ಕೆ ಸಂಬಂಧಿಸಿದುದು. ಇಂಗ್ಲಿಷಿನದು ಮುಖ್ಯವಾಗಿ ಬಲಕ್ಕೆ ಸಂಬಂಧಿಸಿದುದು. ಆದರೆ ಪದದ ಸ್ವರವನ್ನು ಪ್ರತ್ಯಯವು ಆಳುತ್ತದೆಂಬ ತತ್ತ್ವ ಎರಡರಲ್ಲಿಯೂ ಒಂದೇ.

ಈ ನಿಯಮಗಳಿಗೆ ಅಪವಾದಗಳೂ ಉಂಟು. ‘ಪಾಲಿಟಿಕ್ಸ್’ ಎಂಬಲ್ಲಿ ‘ಇಕ್’ ಇದ್ದರೂ ಆಘಾತ ಮೊದಲಿಗೇ ಇದೆ. ಇಂತಹ ಕಡೆ ನಿಘಂಟೇ ಗುರು. ಡೇನಿಯಲ್ ಜೋನ್ಸ್ ಎಂಬ ವಿದ್ವಾಂಸನು 1917ರಲ್ಲಿ ಉಚ್ಚಾರಣೆಗೆಂದೇ ಒಂದು ಇಂಗ್ಲಿಷ್ ನಿಘಂಟನ್ನು ಹೊರತಂದನು.

ಉದ್ದನೆಯ ಪದವನ್ನು ಕಂಡು ಅಂಜಬೇಕಾಗಿಲ್ಲ. ಮೊದಲು ಅದರ ಕೊನೆಯನ್ನು ನೋಡಬೇಕು, ಪ್ರತ್ಯಯವನ್ನು ಗುರುತಿಸಬೇಕು, ಬಳಿಕ ಬಾಯ್ದೆರೆಯಬೇಕು. ಪರಭಾಷೆಯ ನಡಿಗೆಯನ್ನು ಕಲಿಯುವವನು ತನ್ನ ನುಡಿಯ ನಡಿಗೆಯನ್ನೂ ಮೊದಲ ಬಾರಿಗೆ ಗಮನವಿಟ್ಟು ಕೇಳುತ್ತಾನೆ. ಅದು ಸಣ್ಣ ಲಾಭವಲ್ಲ.

ಅಭ್ಯಾಸ

1. ಸ್ವರಾಘಾತವೆಂದರೇನು? ಅದು ಬೀಳದ ಕಡೆ ಸ್ವರವು ಏನಾಗುತ್ತದೆ?
2. ಇಂಗ್ಲಿಷಿನ ಮೂರು ಬಗೆಯ ಪ್ರತ್ಯಯಗಳನ್ನು ಉದಾಹರಣೆಗಳೊಡನೆ ವಿವರಿಸಿ.
3. ‘ಮ್ಯೂಸಿಕ್’, ‘ಮ್ಯೂಸಿಷಿಯನ್’ ಎಂಬ ಪದಗಳಲ್ಲಿ ಆಘಾತವು ಎಲ್ಲೆಲ್ಲಿ ಬೀಳುತ್ತದೆ?