ಕುಂಬಳದ ಹೂ: ಯಾವುದನ್ನು ಕೀಳಬೇಕು?

ಮಕ್ಕಳೇ, ಹಿತ್ತಲಿನ ಸಿಹಿಗುಂಬಳದ ಬಳ್ಳಿಯಲ್ಲಿ ಹಳದಿ ಹೂಗಳು ಅರಳಿವೆಯೇ? ಈ ಹೂವನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಕರಿಯುತ್ತಾರೆ, ಪಲ್ಯವನ್ನೂ ಮಾಡುತ್ತಾರೆ. ಬಂಗಾಳದವರಿಗೂ ಕುಂಬಳ ಹೂವಿನ ಬಜ್ಜಿ ಎಂದರೆ ಪ್ರೀತಿ. ಆದರೆ ಕೈಗೆ ಸಿಕ್ಕ ಹೂವನ್ನೆಲ್ಲ ಕಿತ್ತರೆ ಬಳ್ಳಿಯಲ್ಲಿ ಕಾಯಿಯೇ ಇರುವುದಿಲ್ಲ. ಹಾಗಾದರೆ ಯಾವ ಹೂವನ್ನು ಕೀಳಬೇಕು?

ದಾಸವಾಳದ ಒಂದೇ ಹೂವಿನಲ್ಲಿ ಕೇಸರಗಳೂ ಅಂಡಾಶಯವೂ ಇರುತ್ತವೆ. ಕುಂಬಳದಲ್ಲಿ ಹಾಗಲ್ಲ. ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಗುರುತಿಸಲು ಭೂತಗನ್ನಡಿ ಬೇಕಿಲ್ಲ. ದಳಗಳ ಕೆಳಗೆ ನೋಡಿ. ಅಲ್ಲಿ ಗೋಲಿಯಂತಹ ಪುಟ್ಟ ಕಾಯಿ ಇದ್ದರೆ ಅದು ಹೆಣ್ಣು ಹೂ. ಆ ಪುಟ್ಟ ಕಾಯಿಯೇ ಅಂಡಾಶಯ. ಗಂಡು ಹೂವಿನ ಕೆಳಗೆ ಉದ್ದನೆಯ ತೆಳು ತೊಟ್ಟು ಮಾತ್ರ ಇರುತ್ತದೆ. ಅದರೊಳಗಿನ ಕಡ್ಡಿಯಂತಹ ಭಾಗಕ್ಕೆ ಬೆರಳು ತಾಗಿಸಿದರೆ ಹಳದಿ ಪುಡಿ ಅಂಟುತ್ತದೆ. ಅದೇ ಪರಾಗ.

ಬಳ್ಳಿಯಲ್ಲಿ ಸಾಮಾನ್ಯವಾಗಿ ಗಂಡು ಹೂಗಳೇ ಮೊದಲು ಅರಳುತ್ತವೆ. 'ಹೂ ಬಿಟ್ಟಿತು, ಕಾಯಿ ಕಚ್ಚಲಿಲ್ಲ' ಎಂದು ಮನೆಯವರು ಬೇಸರಪಡುವುದು ಆಗಲೇ! ಸ್ವಲ್ಪ ದಿನ ಕಾಯಬೇಕು, ಅಷ್ಟೇ. ಗಂಡು ಹೂಗಳ ಸಂಖ್ಯೆಯೂ ಹೆಚ್ಚು. ಆದ್ದರಿಂದ ಅಡುಗೆಗೆ ಅವನ್ನೇ ಕೀಳುವುದು ಜಾಣತನ. ಹಾಗೆಂದು ಎಲ್ಲವನ್ನೂ ಕೀಳಬಾರದು. ಕುಂಬಳದ ಪರಾಗ ಭಾರ, ಜೊತೆಗೆ ಅಂಟು. ಗಾಳಿಯಲ್ಲಿ ಹಾರಲಾರದು. ಜೇನ್ನೊಣಗಳಂತಹ ಕೀಟಗಳೇ ಅದನ್ನು ಹೆಣ್ಣು ಹೂವಿಗೆ ಒಯ್ಯಬೇಕು. ಹೂ ಮುಂಜಾನೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಕೀಟಗಳಿಗೆ ಸಿಗುವುದು ಅಷ್ಟೇ ಸಮಯ. ಆಗ ಕೀಟನಾಶಕ ಸಿಂಪಡಿಸಿದರೆ ಜೇನ್ನೊಣಗಳೂ ಸಾಯುತ್ತವೆ, ಹೂವೂ ತಿನ್ನಲು ಯೋಗ್ಯವಾಗಿರುವುದಿಲ್ಲ.

ಸಿಹಿಗುಂಬಳವನ್ನು ಕೆಲವು ಕಡೆ ಚೀನಿಕಾಯಿ ಎನ್ನುತ್ತಾರೆ. ಆದರೆ ಅದರ ತವರು ಚೀನಾ ಅಲ್ಲ, ಅಮೆರಿಕ ಖಂಡ. ಮೆಕ್ಸಿಕೋದ ಒಂದು ಗುಹೆಯಲ್ಲಿ ಸುಮಾರು 10,000 ವರ್ಷಗಳಷ್ಟು ಹಳೆಯ ಕುಂಬಳ ಜಾತಿಯ ಬೀಜಗಳು ಸಿಕ್ಕಿವೆ. ಅಲ್ಲಿಯ ಜನ ಇಂದಿಗೂ ಮೆಕ್ಕೆಜೋಳದ ರೊಟ್ಟಿಯೊಳಗೆ ಈ ಹೂವನ್ನಿಟ್ಟು ತಿನ್ನುತ್ತಾರೆ.

ಒಂದು ಎಚ್ಚರಿಕೆ. ಚೆಂದ ಕಂಡ ಹೂಗಳೆಲ್ಲ ತಿನ್ನುವ ಹೂಗಳಲ್ಲ. ಕಣಗಿಲೆ, ದತ್ತೂರಿ ಗಿಡಗಳಲ್ಲಿ ವಿಷವಿದೆ. ಹಿರಿಯರನ್ನು ಕೇಳದೆ ಯಾವ ಹೂವನ್ನೂ ಬಾಯಿಗಿಡಬೇಡಿ.

ಮಾಡಿ ನೋಡಿ: ನಾಳೆ ಅರಳಲಿರುವ ಎರಡು ಹೆಣ್ಣು ಮೊಗ್ಗುಗಳಿಗೆ ಸಂಜೆಯೇ ತೆಳು ಬಟ್ಟೆಯ ಚೀಲ ಕಟ್ಟಿ. ಬೆಳಿಗ್ಗೆ ಒಂದರ ಚೀಲ ಬಿಚ್ಚಿ, ಅದೇ ತಾನೇ ಅರಳಿದ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿನ ನಡುವಿನ ಶಲಾಕಾಗ್ರಕ್ಕೆ ಸವರಿ, ಮತ್ತೆ ಕಟ್ಟಿ. ಇನ್ನೊಂದನ್ನು ಮುಟ್ಟಬೇಡಿ. ಮರುದಿನ ಎರಡೂ ಚೀಲಗಳನ್ನು ತೆಗೆಯಿರಿ. ಒಂದು ವಾರ ದಿನವೂ ನೋಡಿ, ಯಾವ ಕಾಯಿ ದಪ್ಪವಾಯಿತು, ಯಾವುದು ಹಳದಿಯಾಗಿ ಉದುರಿತು ಎಂದು ಬರೆದಿಡಿ.