ನೀರಿನಡಿಗೆ ಸುದ್ದಿ ಕಳಿಸುವ ಕಂಬ

ಮಕ್ಕಳೇ, ಗ್ಯಾಲ್ವೆಸ್ಟನ್‌ನ ಸೀವುಲ್ಫ್ ಪಾರ್ಕ್‌ನಲ್ಲಿರುವ ‘ಕವಾಲಾ’ ಜಲಾಂತರ್ಗಾಮಿಯೊಳಗೆ ನೀವೂ ತಲೆ ಬಗ್ಗಿಸಿಕೊಂಡು ಓಡಾಡಿರ್ತೀರಿ. ಅಲ್ಲಿ ನನ್ನ ಮಗಳು ಕೇಳಿದಳು: “ಅಪ್ಪಾ, ನೀರೊಳಗೆ ಸಿಗ್ನಲ್ ಬರುತ್ತಾ?”

ಒಳ್ಳೇ ಪ್ರಶ್ನೆ. ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಅದಕ್ಕೇ ಅದು ರೇಡಿಯೋ ಅಲೆಗಳನ್ನು ನುಂಗಿಬಿಡುತ್ತದೆ. ಎಫ್‌ಎಂ ಅಲೆ ಕೆಲವು ಸೆಂಟಿಮೀಟರ್ ಇಳಿಯುವಷ್ಟರಲ್ಲೇ ಸುಸ್ತು! ಆದರೆ ಬಹಳ ನಿಧಾನವಾಗಿ ಕಂಪಿಸುವ ಅಲೆ ಹತ್ತಿಪ್ಪತ್ತು ಮೀಟರ್ ಇಳಿಯಬಲ್ಲದು.

ಅಂಥ ಅಲೆ ಕಳಿಸುವ ಭಾರತೀಯ ನೌಕಾಪಡೆಯ ಕೇಂದ್ರ ತಮಿಳುನಾಡಿನ ತಿರುನೆಲ್ವೇಲಿ ಬಳಿಯ ವಿಜಯನಾರಾಯಣಂನಲ್ಲಿದೆ. ಹೆಸರು ಐಎನ್‌ಎಸ್ ಕಟ್ಟಬೊಮ್ಮನ್. ಐಎನ್‌ಎಸ್ ಅಂದ ಮಾತ್ರಕ್ಕೆ ಹಡಗು ಅಂದ್ಕೋಬೇಡಿ. ನಮ್ಮ ಕಾರವಾರದ ಐಎನ್‌ಎಸ್ ಕದಂಬದ ಹಾಗೆ ಇದೂ ನೆಲದ ಮೇಲಿನ ನೆಲೆ. ಕಟ್ಟಬೊಮ್ಮನ್ ಬ್ರಿಟಿಷರ ವಿರುದ್ಧ ಹೋರಾಡಿದ ಪಾಳೆಯಗಾರ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಡಿದ 1799ರಲ್ಲೇ, ಕೆಲವು ತಿಂಗಳ ನಂತರ, ಅವನನ್ನು ಗಲ್ಲಿಗೇರಿಸಿದರು. ಕೇಂದ್ರ ಶುರುವಾದದ್ದು 1990ರಲ್ಲಿ.

ಈಗ ಸ್ವಲ್ಪ ಲೆಕ್ಕ. ಈ ಕೇಂದ್ರದ ಅಲೆ ಸೆಕೆಂಡಿಗೆ 18,200 ಸಲ ಕಂಪಿಸುತ್ತದೆ. ಬೆಳಕಿನ ವೇಗ 3,00,000 ಕಿ.ಮೀ.ಯನ್ನು 18,200ರಿಂದ ಭಾಗಿಸಿ. ಒಂದೊಂದು ಅಲೆಯ ಉದ್ದ ಸುಮಾರು 16.5 ಕಿ.ಮೀ.! ಆಂಟೆನಾ ಚೆನ್ನಾಗಿ ಕೆಲಸ ಮಾಡಲು ಅದರ ಕಾಲು ಭಾಗದಷ್ಟು ಎತ್ತರ ಇರಬೇಕು. ಅಂದರೆ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಸಾಲದು. ಅಲ್ಲಿನ ಕಂಬ 471 ಮೀಟರ್. ಹ್ಯೂಸ್ಟನ್ ಡೌನ್‌ಟೌನ್‌ನ ಅತಿ ಎತ್ತರದ ಕಟ್ಟಡ 305 ಮೀಟರ್ ಅಷ್ಟೇ. ಆದರೂ ಅಲೆಯ ಮುಂದೆ ಈ ಕಂಬ ಕುಳ್ಳನೇ. ಆ ಕೊರತೆ ತುಂಬಲು ಇಂಥ ಕೇಂದ್ರಗಳಲ್ಲಿ ಕಂಬದ ತುದಿಯಿಂದ ಕೊಡೆಯ ಹಾಗೆ ತಂತಿಗಳನ್ನು ಹರಡುತ್ತಾರೆ.

ಇಷ್ಟೆಲ್ಲಾ ಮಾಡಿದರೂ ದನಿ ಕಳಿಸಲಾಗದು, ಚಿಕ್ಕ ಸಂಕೇತ ಮಾತ್ರ. ಉತ್ತರ ಬರೆಯೋಣ ಅಂದರೆ ಜಲಾಂತರ್ಗಾಮಿಯಲ್ಲಿ ಅಂಥ ಕಂಬ ನೆಡಲು ಜಾಗವೆಲ್ಲಿ? ಕೇಳಿಸಿಕೊಂಡು ಸುಮ್ಮನಿರಬೇಕು.

ಇಂಥ ಎರಡನೇ ಕೇಂದ್ರಕ್ಕೆ 2024ರ ಅಕ್ಟೋಬರ್ 15ರಂದು ತೆಲಂಗಾಣದ ದಾಮಗುಂಡಂ ಕಾಡಿನಲ್ಲಿ ಅಡಿಗಲ್ಲು ಹಾಕಿದರು. ಅದಿರುವ ವಿಕಾರಾಬಾದ್ ಜಿಲ್ಲೆ ನಮ್ಮ ಕಲಬುರಗಿಯ ಮಗ್ಗುಲಲ್ಲೇ ಇದೆ. ಬೇಕಾದ ಜಾಗ ಸುಮಾರು 2,900 ಎಕರೆ. ಮರಗಳು ಹೋಗುತ್ತವೆ, ಮೂಸಿ ನದಿಗೆ ತೊಂದರೆಯಾಗುತ್ತದೆ ಅಂತ ಅನೇಕರು ವಿರೋಧಿಸಿದರು. ಎಂಜಿನಿಯರ್ ಆದ ನನಗೆ ಇಂಥ ಕಂಬ ಅಂದ್ರೆ ಖುಷಿಯೇ, ಆದರೆ ಅವರ ಆತಂಕ ಸುಳ್ಳು ಅನ್ನಲಾರೆ. ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಇದನ್ನು ಚರ್ಚಿಸಿ.

ಹಾಗೇ ಒಂದು ಲೆಕ್ಕ: ಅಜ್ಜಿ ತಾತ ಕೇಳುತ್ತಿದ್ದ ಬೆಂಗಳೂರು ಆಕಾಶವಾಣಿಯದು 612 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 6,12,000 ಕಂಪನ. ಆ ಅಲೆಯ ಉದ್ದ ಎಷ್ಟು? ಸುಮಾರು 490 ಮೀಟರ್ ಬಂದರೆ ಸರಿ.