ವಿಶ್ವವಿದ್ಯಾನಿಲಯದ ತಂತಿಜಾಲವೂ ವಿದ್ಯಾರ್ಥಿನಿಯ ಗಣಕಯಂತ್ರವೂ

ನಮ್ಮ ಶಾಲೆಯಿಂದ ಮುಂದಿನ ವ್ಯಾಸಂಗಕ್ಕೆ ಹೊರಡುವ ಹೆಣ್ಣುಮಕ್ಕಳಲ್ಲಿ ಅನೇಕರು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಸುತ್ತಣ ಹಳ್ಳಿಗಳವರು. ಮನೆಯಲ್ಲಿ ಒಂದು ಫೋನಿನ ಹೊರತು ಬೇರೆ ಯಂತ್ರವನ್ನು ಬಳಸಿದವರಲ್ಲ. ಇಂಥವಳು ಹಾಸ್ಟೆಲನ್ನು ಸೇರಿ, ಹೊಸ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟುಕೊಂಡು, ಗೋಡೆಯ ಬುಡದಲ್ಲಿರುವ ಚೌಕನೆಯ ರಂಧ್ರವು ಯಾತಕ್ಕೆಂದು ಅರಿಯದೆ, ಕೇಳಲೂ ನಾಚಿ, ವರ್ಷವೆಲ್ಲಾ ಅದನ್ನು ಮುಟ್ಟದೆ ಇದ್ದುಬಿಡುವುದುಂಟು. ವಿದ್ಯಾರ್ಥಿವೇತನದ ಅರ್ಜಿಗೋ ಪರೀಕ್ಷಾಶುಲ್ಕಕ್ಕೋ ಕಡೆಯ ದಿನವು ಬಂದಾಗ, ಹಾಸ್ಟೆಲಿನ ಫೋನುಗಳೆಲ್ಲಾ ಒಂದೇ ವೈ-ಫೈಯನ್ನು ಎಳೆದಾಡುತ್ತಿರಲು, ಇವಳ ಅರ್ಜಿಯು ಅರ್ಧದಲ್ಲಿಯೇ ನಿಂತುಹೋಗುತ್ತದೆ. ಆದಕಾರಣ ಪ್ರೌಢಶಾಲೆಯನ್ನು ಬಿಡುವುದಕ್ಕೆ ಮುಂಚೆಯೇ ಈ ಪಾಠವನ್ನು ಕಲಿತಿರುವುದು ಲೇಸೆಂದು ನಮಗೆ ತೋರಿದೆ.

ವೈ-ಫೈಯಲ್ಲಿ ಒಂದು ಮೊಗಸಾಲೆಯ ಯಂತ್ರಗಳೆಲ್ಲಾ ಸರದಿಯ ಮೇಲೆ ಮಾತನಾಡಬೇಕು. ಗೋಡೆಯ ತಂತಿಯಾದರೋ ಕೋಣೆಯಿಂದ ಅಂತಸ್ತಿನ ಸ್ವಿಚ್ ಪೆಟ್ಟಿಗೆಯವರೆಗೆ ಒಬ್ಬಳಿಗೇ ಮೀಸಲಾದ ಓಣಿ. ಆ ಪೆಟ್ಟಿಗೆಯಿಂದಾಚೆಗೆ ದಾರಿಯು ಎಲ್ಲರದು. ಅಲ್ಲಿಯೇ ದಟ್ಟಣೆಯಾದರೆ ತಂತಿಯಿಂದಲೂ ವೇಗವು ದೊರೆಯದು. ಈ ಏರ್ಪಾಟಿಗೆ ಈಥರ್ನೆಟ್ ಎಂದು ಹೆಸರು. ಅಮೇರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬುವರು ೧೯೭೩ರಲ್ಲಿ ಇದನ್ನು ಯೋಚಿಸಿದರು.

ತಂತಿಯ ಹೊದಿಕೆಯನ್ನು ಸುಲಿದು ನೋಡಿದರೆ ಒಳಗೆ ಎಂಟು ತಾಮ್ರದ ಎಳೆಗಳು ನಾಲ್ಕು ಜೋಡಿಗಳಾಗಿ ತಿರುಚಿಕೊಂಡಿರುತ್ತವೆ. ಕಿತ್ತಳೆ, ಹಸುರು, ನೀಲಿ, ಕಂದು ಎಂದು ನಾಲ್ಕು ಬಣ್ಣಗಳು. ಪ್ರತಿಯೊಂದರ ಜೊತೆಗಾತಿ ಅದೇ ಬಣ್ಣದ ಪಟ್ಟೆಯುಳ್ಳ ಬಿಳಿಯ ಎಳೆ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳ ಮಕ್ಕಳಿಗೆ ರೇಷ್ಮೆಯನ್ನು ಹುರಿಮಾಡುವ ಕೆಲಸವು ಗೊತ್ತೇ ಇದೆ. ಅಲ್ಲಿ ಹುರಿ ಬಲಕ್ಕಾಗಿ. ಇಲ್ಲಿ ಕಾರಣವೇ ಬೇರೆ. ಸಮೀಪದ ವಿದ್ಯುತ್ ತಂತಿಗಳಿಂದ ಬರುವ ಉಪದ್ರವವು ಜೋಡಿಯ ಎರಡೆಳೆಗಳನ್ನೂ ಸಮನಾಗಿ ಮುಟ್ಟಲೆಂದು ಅವನ್ನು ತಿರುಚುತ್ತಾರೆ. ಗ್ರಹಿಸುವ ಯಂತ್ರವು ಎರಡರ ವ್ಯತ್ಯಾಸವನ್ನು ಮಾತ್ರ ಓದುವುದರಿಂದ, ಎರಡಕ್ಕೂ ಸಮನಾಗಿ ತಗುಲಿದ ಕೇಡು ತಾನಾಗಿಯೇ ಕಳೆದುಹೋಗುತ್ತದೆ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು ೧೮೮೧ರಲ್ಲಿಯೇ ಈ ಉಪಾಯಕ್ಕೆ ಪೇಟೆಂಟನ್ನು ಪಡೆದಿದ್ದರು. ಇಂಥ ಸುಲಭವಾದ ಯುಕ್ತಿಯು ಇಂದಿಗೂ ಕೆಲಸಮಾಡುತ್ತಿರುವುದನ್ನು ನೆನೆದರೆ ನಮಗೆ ಸಂತೋಷವಾಗುತ್ತದೆ. ಒಂದು ತಂತಿಯು ೧೦೦ ಮೀಟರಿಗೆ ಮೀರಬಾರದೆಂಬುದು ನಿಯಮ. ಕೋಣೆಯೊಳಗೆ ಎರಡು ಮೂರು ಮೀಟರಿನದು ಸಾಕು. ಟೆಲಿಫೋನಿನ ಪ್ಲಗ್ಗು ಇದಕ್ಕಿಂತ ಕಿರಿದು. ಈ ರಂಧ್ರದೊಳಕ್ಕೆ ಅದು ಹೋದೀತು, ಆದರೆ ಕೆಲಸಮಾಡದು. ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಈ ರಂಧ್ರವೇ ಇರದಿದ್ದರೆ ಯುಎಸ್‌ಬಿ ಅಡಾಪ್ಟರೊಂದನ್ನು ಕೊಳ್ಳಬೇಕು.

ತಂತಿಯನ್ನು ಸಿಕ್ಕಿಸಿದೊಡನೆ ರಂಧ್ರದ ಪಕ್ಕದ ಪುಟ್ಟ ದೀಪವು ಹೊತ್ತಿದರೆ ತಂತಿಗೆ ಜೀವವಿದೆಯೆಂದರ್ಥ. ಅಷ್ಟರಿಂದ ಪ್ರವೇಶವು ದೊರೆಯಿತೆನ್ನಲಾಗದು. ಅನೇಕ ವಿಶ್ವವಿದ್ಯಾನಿಲಯಗಳು ಯಂತ್ರದ ಮ್ಯಾಕ್ ವಿಳಾಸವನ್ನು ಮುಂಚಿತವಾಗಿ ದಾಖಲು ಮಾಡಿಸಿಕೊಳ್ಳುತ್ತವೆ. ಇದು ಹನ್ನೆರಡು ಗುರುತುಗಳ ಸಾಲು. ೦ ಮೊದಲ್ಗೊಂಡು ೯ರ ವರೆಗಿನ ಅಂಕಿಗಳೂ ಇಂಗ್ಲಿಷಿನ ಎ ಮೊದಲ್ಗೊಂಡು ಎಫ್‌ವರೆಗಿನ ಅಕ್ಷರಗಳೂ ಇದರಲ್ಲಿ ಬರುತ್ತವೆ. ಇಲ್ಲಿ ಎಚ್ಚರವಿರಬೇಕು. ಒಂದೇ ಲ್ಯಾಪ್‌ಟಾಪಿನಲ್ಲಿ ವೈ-ಫೈಗೆ ಒಂದು ವಿಳಾಸ, ತಂತಿಯ ರಂಧ್ರಕ್ಕೆ ಮತ್ತೊಂದು. ಹುಡುಗಿಯರು ಮೊದಲನೆಯದನ್ನು ಬರೆದುಕೊಟ್ಟು, ತಂತಿಯನ್ನು ಸಿಕ್ಕಿಸಿ, ಏನೂ ಬಾರದೆ ಪೇಚಾಡುತ್ತಾರೆ. ಸೆಟ್ಟಿಂಗ್ಸಿನಲ್ಲಿ ಈಥರ್ನೆಟ್ ಎಂಬ ಹೆಸರಿನ ಕೆಳಗಿರುವುದನ್ನೇ ಬರೆದುಕೊಡತಕ್ಕದ್ದು. ಅಡಾಪ್ಟರಿಗೂ ತನ್ನದೇ ಆದ ವಿಳಾಸವಿರುತ್ತದೆ. ಗೆಳತಿಯ ಅಡಾಪ್ಟರನ್ನು ಎರವಲು ತಂದರೆ ಅವಳ ಹೆಸರನ್ನೇ ಎರವಲು ತಂದಂತಾಗಿ, ನಿಮ್ಮ ಕೆಲಸವು ಅವಳ ಲೆಕ್ಕಕ್ಕೆ ಬೀಳಬಹುದು. ಪಾಸ್‌ವರ್ಡಿನ ವಿಷಯವೂ ಹೀಗೆಯೇ. ಕೋಣೆಯ ಜೊತೆಗಾತಿಗೆ ಕೂಡ ಅದನ್ನು ಹೇಳಲಾಗದು. ಜೊತೆಗಾತಿಯು ಒಳ್ಳೆಯವಳೇ ಇರಬಹುದು, ಅವಳ ಬಳಿಗೆ ಬರುವವರೆಲ್ಲರೂ ಹಾಗಿರಬೇಕೆಂದೇನೂ ಇಲ್ಲ.

ದಾಖಲಾದ ಮೇಲೆ ಯಂತ್ರಕ್ಕೆ ಐಪಿ ವಿಳಾಸವು ಬೇಕು. ಇದನ್ನು ಕೊಡುವ ಪದ್ಧತಿಗೆ ಡಿಎಚ್‌ಸಿಪಿ ಎಂದು ಹೆಸರು. “ವಿಳಾಸ ಕೊಡುವವರು ಯಾರಾದರೂ ಉಂಟೇ?” ಎಂದು ಯಂತ್ರವು ಜಾಲದಲ್ಲಿ ಕೂಗುತ್ತದೆ. “ಇಗೋ, ಇದೊಂದು ಇದೆ” ಎಂದು ಉತ್ತರ ಬರುತ್ತದೆ. “ಹಾಗಾದರೆ ಅದನ್ನೇ ತೆಗೆದುಕೊಳ್ಳಲೇ?” ಎಂದು ಯಂತ್ರ, “ಆಗಲಿ, ಇಷ್ಟು ಹೊತ್ತಿನವರೆಗೆ ಇಟ್ಟುಕೋ” ಎಂದು ಜಾಲ. ನಾಲ್ಕೇ ಮಾತುಗಳಲ್ಲಿ ಗೇಣಿಯ ಕರಾರು ಮುಗಿಯಿತು. ಯಾರೂ ಓಗೊಡದಿದ್ದರೆ ಯಂತ್ರವು ಸಾಮಾನ್ಯವಾಗಿ ೧೬೯.೨೫೪ ಎಂದು ಮೊದಲಾಗುವ ವಿಳಾಸವೊಂದನ್ನು ತಾನೇ ಇಟ್ಟುಕೊಳ್ಳುತ್ತದೆ. ಆ ಅಂಕಿಗಳನ್ನು ಕಂಡರೆ ಕೂಗಿಗೆ ಉತ್ತರ ಬರಲಿಲ್ಲವೆಂದು ತಿಳಿಯಿರಿ. ವಿಳಾಸವು ಸರಿಯಾಗಿ ಬಂದಿದ್ದರೆ ಬಹುಮಟ್ಟಿಗೆ ಹೆಸರನ್ನೂ ಪಾಸ್‌ವರ್ಡನ್ನೂ ಕೇಳುವ ಪುಟವೊಂದು ತೆರೆಯುವುದು; ಅದು ವಿಶ್ವವಿದ್ಯಾನಿಲಯದ್ದೇ ಹೌದೋ ಎಂದು ಮೇಲಿನ ವಿಳಾಸವನ್ನು ಓದಿಯೇ ಬರೆಯಿರಿ.

ಮನೆಯಿಂದ ಚಿಕ್ಕ ರೂಟರೊಂದನ್ನು ತಂದು ತಾವೇ ಜೋಡಿಸುವ ಜಾಣೆಯರೂ ಇದ್ದಾರೆ. ತಂತಿಯನ್ನು ತಪ್ಪು ರಂಧ್ರಕ್ಕೆ ಸಿಕ್ಕಿಸಿದರೆ ಆ ರೂಟರು ಅಕ್ಕಪಕ್ಕದ ಕೋಣೆಗಳಿಗೆಲ್ಲಾ ಸುಳ್ಳು ವಿಳಾಸಗಳನ್ನು ಹಂಚತೊಡಗಿ, ಇಡೀ ಅಂತಸ್ತಿನವರು ಜಾಲವನ್ನು ಕಳೆದುಕೊಳ್ಳಬಹುದು. ಒಂದೇ ತಂತಿಯ ಎರಡು ತುದಿಗಳನ್ನು ಗೋಡೆಯ ಎರಡು ರಂಧ್ರಗಳಿಗೆ ಸಿಕ್ಕಿಸುವುದೂ ಕೂಡದು. ಸಂದೇಶಗಳು ಗಾಣದ ಎತ್ತಿನಂತೆ ಅಲ್ಲಿಯೇ ಸುತ್ತಿ ಸುತ್ತಿ ದಾರಿಯನ್ನು ಕಟ್ಟಿಬಿಡುತ್ತವೆ.

ಈ ತಂತಿಯು ಎಲ್ಲಿಗೆ ಹೋಗುತ್ತದೆಂದು ಕೇಳುವವರಿಗೆ ಒಂದು ಮಾತು. ನಮ್ಮ ದೇಶದಲ್ಲಿ ವಿದ್ಯಾಸಂಸ್ಥೆಗಳ ಗಣಕಯಂತ್ರಗಳನ್ನು ಕೂಡಿಸುವ ಅರ್ನೆಟ್ ಯೋಜನೆಯು ೧೯೮೬ರಲ್ಲಿ ಮೊದಲಾಯಿತು. ಮೊದಲು ಸೇರಿದ ಎಂಟರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾರ್ವಜನಿಕರಿಗೆ ಇಂಟರ್ನೆಟ್ಟು ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು. ವಿಶ್ವವಿದ್ಯಾನಿಲಯಗಳನ್ನೂ ಸಂಶೋಧನಾಲಯಗಳನ್ನೂ ಗಾಜಿನ ನೂಲಿನಿಂದ ಕೂಡಿಸುವ ರಾಷ್ಟ್ರೀಯ ಜ್ಞಾನಜಾಲಕ್ಕೆ ೨೦೧೦ರಲ್ಲಿ ಸರ್ಕಾರದ ಒಪ್ಪಿಗೆ ದೊರೆಯಿತು.

ಇಷ್ಟಾದರೂ ಜಾಲವು ಸಿಕ್ಕದಿದ್ದರೆ ಗಣಕಕೇಂದ್ರಕ್ಕೆ ಹೋಗಬೇಕು. “ನನ್ನದು ಕೆಲಸ ಮಾಡುತ್ತಿಲ್ಲ” ಎಂದಷ್ಟೇ ಹೇಳಿದರೆ ಅಲ್ಲಿಯವರಿಗೆ ಏನೂ ತಿಳಿಯದು. ಈ ರೀತಿ ಬರೆದುಕೊಂಡು ಹೋಗಿರಿ: “ಅಯ್ಯಾ, ನನ್ನ ಕೋಣೆಯ ಸಂಖ್ಯೆ ಇಷ್ಟು, ಗೋಡೆಯ ರಂಧ್ರದ ಮೇಲೆ ಬರೆದಿರುವ ಸಂಖ್ಯೆ ಇಷ್ಟು. ದೀಪ ಹೊತ್ತಿದೆ. ತಂತಿಯ ಮ್ಯಾಕ್ ವಿಳಾಸ ಇದು, ಇಂಥ ದಿನ ದಾಖಲು ಮಾಡಿಸಿದ್ದೇನೆ. ಐಪಿ ವಿಳಾಸವು ೧೬೯.೨೫೪ ಎಂದು ಬರುತ್ತಿದೆ. ಗೆಳತಿಯ ತಂತಿಯನ್ನು ಹಾಕಿ ನೋಡಿದರೂ ಹಾಗೆಯೇ ಇದೆ.”